ಬಲ್ಲಾಳರ ‘ಇರಲಿ’

ಎದುರಿಗೆ ಕುಳಿತವರು ಎಂಥ ಘನಘೋರ ತಪ್ಪನ್ನು ಹೇಳಿಕೊಂಡರೂ ಕಾರ್ಕಳದ ತೆರಿಗೆ ಸಲಹೆಗಾರ ಜಿತೇಂದ್ರ ಬಲ್ಲಾಳರ ಹುಬ್ಬು ಏರುವುದಿಲ್ಲ. ಜಿಎಸ್‌ಟಿ ಕಟ್ಟಲು ಮರೆತಿರೇ, ನೋಟಿಸು ತಿಂಗಳುಗಟ್ಟಲೆ ಫ್ರಿಜ್ಜಿನ ಮೇಲೆ ಬಿದ್ದಿತ್ತೇ, ಲೆಕ್ಕ ಬರೆಯುವ ಹುಡುಗಿ ಮದುವೆಯಾಗಿ ಪಾಸ್‌ವರ್ಡ್ ಸಮೇತ ದುಬೈಗೆ ಹೋದಳೇ, ಎಲ್ಲವನ್ನೂ ಕಡೆಯವರೆಗೆ ಕೇಳಿ, ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿ, “ಇರಲಿ. ಈಗ ಎಂತ ಮಾಡುವ?” ಎನ್ನುತ್ತಾರೆ. ಅಷ್ಟೇ. ಇಷ್ಟು ಮಾತಿನಲ್ಲಿ ಆ ಮನುಷ್ಯ ತಾಲೂಕಿನ ಅರ್ಧ ವ್ಯಾಪಾರಿಗಳನ್ನು ಗೆದ್ದುಕೊಂಡಿದ್ದಾರೆ, ಮತ್ತು ನನಗೆ ಅದನ್ನು ಸಹಿಸಲಾಗುವುದಿಲ್ಲ.

ಕೋಟಿನ ಮಾತು ಬಂತಲ್ಲ. ಬನಿಯನ್ನೇ ಭಾರವೆನಿಸುವ ನಮ್ಮ ಕರಾವಳಿಯ ಸೆಕೆಯಲ್ಲಿ ಅವರು ಮದುವೆಗೆ ಹೊಲಿಸಿದ ಬೂದುಬಣ್ಣದ ಕೋಟನ್ನು ಇನ್ನೂ ತೊಡುತ್ತಾರೆ. ತೋಳು ಗಿಡ್ಡ, ಗುಂಡಿ ಹಾಕಲು ಹೊಟ್ಟೆ ಬಿಡುವುದಿಲ್ಲ. ನಡೆಯುತ್ತಿರುವಾಗ ಯೋಚನೆ ಬಂದರೆ ನಡುರಸ್ತೆಯಲ್ಲೇ ನಿಂತುಬಿಡುತ್ತಾರೆ; ಬಸ್ಸಿನವರು ಹಾರ್ನು ಕೂಡ ಹಾಕದೆ ಬಳಸಿಕೊಂಡು ಹೋಗುತ್ತಾರೆ. ನಾನು ನಿಂತರೆ ಬೈಗಳು. ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವುದು ಜೈನರಾದ ಅವರ ನೇಮ. ಹಾಗಾಗಿ ರಿಟರ್ನಿನ ಕೊನೆಯ ದಿನವೂ, ಉಡುಪಿಯಲ್ಲಿ ನನ್ನಂಥ ಸಲಹೆಗಾರರೆಲ್ಲ ಜಾಲತಾಣದ ಸರ್ವರ್‌ಗೆ ಶಾಪ ಹಾಕುತ್ತಿರುವ ಹೊತ್ತಿಗೆ, ಅವರು ಕಚೇರಿಯ ಬಾಗಿಲೆಳೆದು ಮನೆಗೆ ಹೊರಟಿರುತ್ತಾರೆ. ಕೆಲಸ ಉಳಿಯುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. ಜನ ಹೆದರದೆ ಕಾಗದಪತ್ರಗಳನ್ನು ಮೊದಲೇ ತಂದುಕೊಡುತ್ತಾರೆ, ಮತ್ತೆ ಉಳಿಯುವುದೆಲ್ಲಿಂದ ಎಂದರು. ಹೊಟ್ಟೆ ಉರಿಯದೆ ಇನ್ನೇನಾದೀತು!

ನಾವಿಬ್ಬರೂ ಉಡುಪಿಯ ಒಬ್ಬರೇ ಆಡಿಟರ ಕೈಕೆಳಗೆ ಕಲಿತವರು. ನನ್ನ ಕಚೇರಿಗೆ ಗಾಜಿನ ಬಾಗಿಲು, ಎಸಿ, ಕಾಫಿಯ ಯಂತ್ರ. ಅವರದಕ್ಕೆ ಏರುವಾಗ ಮೊಣಕಾಲು ನೋಯಿಸುವ ಮರದ ಮೆಟ್ಟಿಲು. ಕಾನೂನು ಅವರಿಗಿಂತ ನನಗೇ ಒಂದು ತೂಕ ಹೆಚ್ಚು ಗೊತ್ತು. ಇದನ್ನು ಅವರೇ ನಾಲ್ಕು ಜನರ ಎದುರು ಹೇಳಿದ್ದಾರೆ. ಅದಕ್ಕೂ ನನಗೆ ಕೋಪವೇ.

ಕಾಪುವಿನ ವಿಠಲ ನನ್ನಲ್ಲಿಗೆ ಬರುತ್ತಿದ್ದವನು. ಪೈಪು, ನಲ್ಲಿಗಳ ಅಂಗಡಿ. ದೀಪಾವಳಿಯ ಅಂಗಡಿ ಪೂಜೆಗೆ ಹೊಸ ಬಿಲ್‌ಬುಕ್ಕಿಗೆ ಕುಂಕುಮ ಹಚ್ಚಿ ಒಂದನೇ ನಂಬರಿನಿಂದ ತೊಡಗುವುದು ಅವನ ತಾಯಿ ಹಾಕಿಕೊಟ್ಟ ಪದ್ಧತಿ. ಸರಕಾರದ ವರ್ಷವಾದರೋ ಏಪ್ರಿಲಿನಲ್ಲಿ ಹುಟ್ಟುತ್ತದೆ, ಆಗಲೂ ಬಿಲ್ಲಿನ ನಂಬರು ಒಂದರಿಂದಲೇ ಶುರು. ಅದರೊಳಗೆ ಒಂದೇ ನಂಬರು ಎರಡು ಸಲ ಬಂದರೆ ಜಿಎಸ್‌ಟಿ ಜಾಲತಾಣ ಎರಡನೆಯದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗೆ ವಿಠಲನ ಬಿಲ್ಲುಗಳು ಹೊರಗುಳಿದು, ಅವನಿಂದ ಸಾಮಾನು ಕೊಳ್ಳುವ, ಶಿರ್ವದ ಕಡೆ ದೊಡ್ಡ ಮನೆಗಳನ್ನು ಕಟ್ಟುವ ಗುತ್ತಿಗೆದಾರ ರಾಯ್‌ಸ್ಟನ್‌ಗೆ ತಾನು ಕೊಟ್ಟ ತೆರಿಗೆ ತನ್ನ ಖಾತೆಗೆ ಜಮೆಯಾದದ್ದು ಕಾಣಲಿಲ್ಲ; ಇನ್ನು ಸಾಮಾನನ್ನು ಸಂತೆಕಟ್ಟೆಯಿಂದ ತರಿಸುತ್ತೇನೆಂದುಬಿಟ್ಟ. ರಾಯ್‌ಸ್ಟನ್ ಬಿಟ್ಟರೆ ಆ ಅಂಗಡಿಗೆ ಬೀಗವೇ ಗತಿ. ವಿಠಲ ಓಡಿಬಂದಾಗ ನಾನೆಂದೆ: “ಪೂಜೆಗೆ ಮೊದಲೇ ಹೇಳಿದ್ದೆ ಅಲ್ವಾ? ದೇವರು ಬೇರೆ, ಲೆಕ್ಕ ಬೇರೆ ಮಾರಾಯ.”

ಅವನು ಎದ್ದು, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದ. ಬಲ್ಲಾಳರು ಕನ್ನಡಕ ಒರೆಸಿದರು. ರಾಯ್‌ಸ್ಟನ್‌ಗೆ ತಾವೇ ಫೋನು ಮಾಡಿ, ಆ ಬಿಲ್ಲುಗಳನ್ನು ಹಿಂದಕ್ಕೆ ಪಡೆದು, ನಂಬರಿಗೆ ಮೊದಲು ಇಂಗ್ಲಿಷಿನಲ್ಲಿ ‘ಶ್ರೀ’ ಎಂದು ಸೇರಿಸಿ ಹೊಸದಾಗಿ ಬರೆಸಿದರು. ಇನ್ನು ಪ್ರತಿ ದೀಪಾವಳಿಗೂ ಹೀಗೆಯೇ ಮಾಡಿ, ಲಕ್ಷ್ಮಿಗೆ ಹೊಸ ಪುಸ್ತಕ, ಇಲಾಖೆಗೆ ಬೇರೆ ಸರಣಿ ಎಂದರು. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಬಹುದೆಂಬ ನಿಯಮ ನನಗೆ ಬಾಯಿಪಾಠ. ಅದು ಕುಂಕುಮಕ್ಕೂ ಒದಗುತ್ತದೆಂದು ನನಗೆ ಹೊಳೆಯಲಿಲ್ಲ, ಏಕೆಂದರೆ ನಾನು ಬೈಯುವುದರಲ್ಲಿ ಮಗ್ನನಾಗಿದ್ದೆ. ರಾಯ್‌ಸ್ಟನ್ ಉಳಿದ, ವಿಠಲ ನನ್ನ ಗಾಜಿನ ಬಾಗಿಲನ್ನು ಮತ್ತೆ ತಳ್ಳಲಿಲ್ಲ.

ಹೋಗಲಿ, ವಿಠಲ ಹೊರಗಿನವನು. ನನ್ನ ಹೆಂಡತಿ ಮನೋರಮಾ ಮಣಿಪಾಲದ ನಮ್ಮ ಮನೆಯ ಟೆರೇಸಿನಲ್ಲಿ ಹಲಸಿನ ಹಪ್ಪಳ ಒಣಗಿಸಿ, ಮಾವಿನ ಉಪ್ಪಿನಕಾಯಿಯನ್ನೂ ಹಾಕಿ ಮಾರುತ್ತಾಳೆ. ಊರೊಳಗಿನ ಸಣ್ಣ ವ್ಯಾಪಾರ, ನೋಂದಣಿಯ ಗೊಡವೆಯಿಲ್ಲ ಎಂದುಕೊಂಡು ನಾನು ಹಪ್ಪಳ ತಿನ್ನುತ್ತಾ ಹಾಯಾಗಿದ್ದೆ. ಈ ಬೇಸಗೆಯಲ್ಲಿ ಊಟದ ಮೇಜಿನ ಮೇಲೆ ಒಂದು ಹೊಸ ಬಿಲ್‌ಬುಕ್ಕು ಕಂಡಿತು. ಮೊದಲ ಹಾಳೆಯಲ್ಲಿ ಇಂಗ್ಲಿಷಿನ ‘ಶ್ರೀ’, ಪಕ್ಕದಲ್ಲಿ ಒಂದು. ಯಾರ ಕೈಚಳಕವೆಂದು ಕೇಳಬೇಕಾಗಿರಲಿಲ್ಲ.

ವಿಷಯ ಮೆಲ್ಲನೆ ಹೊರಬಂತು. ಮುಂಬಯಿಯ ಒಂದು ಅಂಗಡಿಗೆ ಅವಳು ಕೆಲವು ತಿಂಗಳಿಂದ ಉಪ್ಪಿನಕಾಯಿ ಕಳುಹಿಸುತ್ತಿದ್ದಳಂತೆ. ಹಪ್ಪಳಕ್ಕೆ ತೆರಿಗೆಯಿಲ್ಲ, ಉಪ್ಪಿನಕಾಯಿಗೆ ಇದೆ. ತೆರಿಗೆಯುಳ್ಳ ಸರಕು ಮಾರಾಟಕ್ಕೆಂದು ರಾಜ್ಯದ ಗಡಿ ದಾಟಿತೆಂದರೆ ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕೆಂದು ಕೊರಿಯರಿನವರು ಹೇಳಿದ ಮೇಲೆ ಅವಳಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಅದೂ ಪಕ್ಕದಲ್ಲೇ ತೆರಿಗೆ ಸಲಹೆಗಾರನೊಬ್ಬ ಗೊರಕೆ ಹೊಡೆಯುತ್ತಿರುವಾಗ. ಬಲ್ಲಾಳರು ನೋಂದಣಿ ಮಾಡಿಸಿ, ಹಿಂದಿನ ತೆರಿಗೆಯನ್ನೂ ಬಡ್ಡಿಸಹಿತ ಕಟ್ಟಿಸಿದ್ದರು. ಒಂದು ಕಾಸೂ ಬಿಟ್ಟಿರಲಿಲ್ಲ.

“ನನ್ನನ್ನು ಕೇಳಬಹುದಿತ್ತಲ್ಲ?” ಎಂದೆ.

“ನಿಮ್ಮ ಹತ್ರ ಹೇಳ್ಲಿಕ್ಕೆ ಹೆದರಿಕೆ ಆಯ್ತು,” ಎಂದಳು ಮನೋರಮಾ, ಹಪ್ಪಳ ಮಗುಚುತ್ತಾ. “ಅವರು ‘ಇರಲಿ’ ಅಂದ್ರು. ನನಗೆ ಅಲ್ಲೇ ಕುರ್ಚಿಯಲ್ಲಿ ಅಳು ಬಂತು.”

ನಾನೂ “ಇರಲಿ” ಎಂದು ನೋಡಿದೆ. ಅದು ಬೈಗಳದ ಹಾಗೇ ಕೇಳಿಸಿತು. ಅವಳು ನಕ್ಕುಬಿಟ್ಟಳು.

ಕಾನೂನು ಬಲ್ಲವರಿಗೆ ನಮ್ಮ ಜಿಲ್ಲೆಯಲ್ಲಿ ಬರಗಾಲವಿಲ್ಲ. ಕಲ್ಲು ಎಸೆದರೆ ಒಬ್ಬ ಆಡಿಟರಿಗೆ ತಾಗೀತು. ಆದರೆ ತಪ್ಪು ಮಾಡಿದವರು ತಪ್ಪಿನ ಸಮೇತ ಬಂದು ಎದುರಿಗೆ ಕುಳಿತುಕೊಳ್ಳಬಲ್ಲಂಥ ಮುಖವುಳ್ಳವರು ವಿರಳ. ಅಂಥವರು ದಂಡವನ್ನು ಕಡಿಮೆ ಮಾಡುವುದಿಲ್ಲ, ಭಯವನ್ನಷ್ಟೇ ಇಳಿಸಿ ಕಳುಹಿಸುತ್ತಾರೆ. ಅಂಥವರನ್ನು ಕಂಡರೆ ಗೌರವ ಹುಟ್ಟಬೇಕೆಂದು ಲೋಕ ಹೇಳುತ್ತದೆ. ಹುಟ್ಟುತ್ತಿತ್ತೋ ಏನೋ, ನನ್ನ ಹೆಂಡತಿ ತನ್ನ ಭಯವನ್ನು ಇಳಿಸಿಕೊಳ್ಳಲು ಅವರ ಮೆಟ್ಟಿಲು ಹತ್ತದೆ ಇದ್ದಿದ್ದರೆ.