ಸರದಿಯ ಕೂಗು

ನಮ್ಮೂರ ನೀರುಗಂಟಿ ಚಿಕ್ಕಬೀರಯ್ಯನ ಗಂಟಲಿನ ಮುಂದೆ ಮೈಕು ಏನೂ ಅಲ್ಲ. ಕೆರೆಯ ತೂಬು ಎತ್ತುವ ಮೊದಲು ಏರಿಯ ಮೇಲೆ ನಿಂತು, ಆವತ್ತು ಯಾರ ಗದ್ದೆಗೆ ನೀರಿನ ಸರದಿಯೋ ಅವರ ಹೆಸರು ಹಿಡಿದು ಕೂಗುತ್ತಾನೆ. ಹೆಸರು ಕಿವಿಗೆ ಬಿದ್ದರೆ ಒಲೆಯ ಮೇಲಿನ ಹಾಲು ಉಕ್ಕಲಿ, ಮನೆಗೆ ನೆಂಟರು ಬರಲಿ, ಗುದ್ದಲಿ ಹಿಡಿದು ಓಡಬೇಕು. ತಡವಾದರೆ ನೀರು ಪಕ್ಕದವರ ಪಾಲು. ಗಂಡ ಸುದರ್ಶನ್ ಚನ್ನರಾಯಪಟ್ಟಣಕ್ಕೆ ಕೆಲಸಕ್ಕೆ ಹೋಗುವುದರಿಂದ ನಮ್ಮ ಮನೆಯಲ್ಲಿ ಓಡುವವಳು ನಾನು.

ಕಾಲುವೆಯ ಮೇಲ್ಗಡೆ ತೆಂಗಿನ ನಾರಿನ ಪುಡಿ ತೊಳೆಯುವ ಕಾರ್ಖಾನೆ ಶುರುವಾಗಿದ್ದು ಹೋದ ವರ್ಷ. ತೊಳೆದ ನೀರನ್ನು ಅವರು ಕಾಲುವೆಗೇ ಬಿಟ್ಟರು. ಕಷಾಯದ ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ನೀರು. ಅದು ಇಂಗಿ ಇಂಗಿ ಕಾಲುವೆ ಪಕ್ಕದ ನಮ್ಮ ಬಾವಿಗೂ ಇಳಿಯಿತು. ಊರ ನಲ್ಲಿ ನಮ್ಮ ತೋಟದ ಮನೆಯವರೆಗೆ ಬಂದಿಲ್ಲ, ಕುಡಿಯುವುದಕ್ಕೂ ಮೀಯುವುದಕ್ಕೂ ಅದೇ ಬಾವಿ. ಮಗಳ ಮೈತುಂಬ ತುರಿಕೆ ಎದ್ದಿತು.

ಕಾರ್ಖಾನೆಯ ಮೇಲೆ ಅರ್ಜಿ ಹಾಕು ಅಂದವನೇ ಬೀರಯ್ಯ. "ಆಕವ್ವ ಅರ್ಜಿ, ನಾನಿವ್ನಿ" ಅಂದ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಗದ್ದೆಗೆ ನೀರು ಕಟ್ಟುವುದನ್ನು ಕಲಿಸಿದವನು ಅವನು. ಅವನ ಮಾತು ತೆಗೆದುಹಾಕುವುದುಂಟೇ? ಹಾಕಿದೆ.

ಹಾಸನದ ಕಚೇರಿಯಿಂದ ಅಧಿಕಾರಿ ಫೋನ್ ಮಾಡಿ, ಬುಧವಾರ ಮಧ್ಯಾಹ್ನ ಕಾಲುವೆಯ ನೀರಿನ ಮಾದರಿ ತೆಗೆಯಲು ಬರುತ್ತೇವೆ, ಯಾರಿಗೂ ಹೇಳಬೇಡಿ ಅಂದರು. ಬಾವಿ ನೀರನ್ನೇ ತಗೊಂಡು ಹೋಗಿ ಸಾರ್ ಅಂದೆ. ಬಾವಿ ಯಾರಿಂದ ಕೆಟ್ಟಿತು ಅಂತ ಕಾನೂನಿನ ಮುಂದೆ ತೋರಿಸುವುದು ಕಷ್ಟ, ಕೊಳಕು ಕಾಲುವೆಯಲ್ಲೇ ಸಿಕ್ಕರೆ ಕಾರ್ಖಾನೆಯ ಬಾಗಿಲು ಹಾಕಿಸಬಹುದು ಅಂದರು. ಆವತ್ತೇನಾದರೂ ತೂಬು ಎತ್ತಿದರೆ ಕೆರೆಯ ನೀರು ಕೊಳಕನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಬೀರಯ್ಯ ಒಬ್ಬನಿಗೆ ಮಾತ್ರ ವಿಷಯ ಹೇಳಿ, ಬುಧವಾರ ತೂಬು ಮುಟ್ಟಬೇಡ ಅಂದೆ. ತಲೆಯಾಡಿಸಿದ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಬುಧವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಏರಿಯ ಕಡೆಯಿಂದ ಕೂಗು ಬಂತು.

"ಆಶವ್ವೋ, ನಿಮ್ ಸರದಿ ಕಣವ್ವೋ!"

ನಮ್ಮ ಸರದಿ ಇದ್ದಿದ್ದು ಶುಕ್ರವಾರ. ಒಂದು ಗಳಿಗೆ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಪೈರು ಬಾಡುತ್ತಿತ್ತು. ಪಾಪ, ಅದನ್ನು ನೋಡಲಾರದೆ ಮೊದಲೇ ಬಿಟ್ಟಿದ್ದಾನೆ, ಮಧ್ಯಾಹ್ನದೊಳಗೆ ತೂಬು ಇಳಿಸುತ್ತಾನೆ, ಅವನಿಗೆ ಗೊತ್ತಿಲ್ಲವೇ ಅಂದುಕೊಂಡೆ. ಗುದ್ದಲಿ ಹಿಡಿದು ಓಡಿದೆ. ಕೆಸರಲ್ಲಿ ನಿಂತು ಬದು ಕಡಿದು ತಿಳಿನೀರನ್ನು ಗದ್ದೆಗೆ ತಿರುಗಿಸುವಾಗ ಅವನನ್ನು ಮನಸ್ಸಿನಲ್ಲೇ ಹರಸಿದೆ ಕೂಡ.

ಜೀಪು ಬಂದಾಗಲೂ ನೀರು ನಿಂತಿರಲಿಲ್ಲ. ಕಾಲುವೆಯ ತಳದ ಕಲ್ಲು ಕಾಣುತ್ತಿತ್ತು. ಕಾರ್ಖಾನೆಯ ಪೈಪು ಒಣಗಿ ಕೂತಿತ್ತು. ಇದು ದಿನಾ ಹರಿಯುವ ನೀರಲ್ಲ ಸಾರ್, ತೂಬು ಇಳಿಸಿ ನಾಳೆ ಬನ್ನಿ ಎಂದು ಅಡ್ಡ ನಿಂತೆ. ಅಧಿಕಾರಿ ಬೀರಯ್ಯನನ್ನು ಕರೆದು, ಇವತ್ತೇ ಯಾಕೆ ನೀರು ಬಿಟ್ಟೆ ಎಂದು ಕೇಳಿದರು.

"ಈ ಅವ್ವಾರ್ದೇ ಸರದಿ ಸಾ. ಅವ್ರ್ ಗದ್ದೆಗೇ ಬಿಟ್ಟಿರಾದು" ಅಂದ ಬೀರಯ್ಯ. ನನ್ನ ಕಡೆ ತಿರುಗಲಿಲ್ಲ.

ಎಲ್ಲರೂ ನನ್ನನ್ನು ನೋಡಿದರು. ಮೊಣಕಾಲವರೆಗೆ ಕೆಸರು, ಕೈಯಲ್ಲಿ ಗುದ್ದಲಿ, ಹಿಂದೆ ತುಂಬಿದ ಗದ್ದೆ. ನೀವೇ ನೀರು ಕಟ್ಟಿಕೊಂಡು ನೀವೇ ತಕರಾರು ಮಾಡಿದರೆ ಹೇಗಮ್ಮ ಎಂದರು ಅಧಿಕಾರಿ. ತಾವು ಬಂದಾಗ ಇರುವ ನೀರನ್ನೇ ತೆಗೆಯಬೇಕು, ಅದೇ ನಿಯಮ ಎಂದೂ ಹೇಳಿದರು. ನನ್ನ ಕಣ್ಣೆದುರೇ ಬಾಟಲಿಗೆ ತುಂಬಿ ಅರಗಿನ ಮುದ್ರೆ ಒತ್ತಿದರು.

ಜೀಪು ಹೋದ ಮೇಲೆ ಬೀರಯ್ಯ ತಾನಾಗಿಯೇ ಬಾಯಿಬಿಟ್ಟ. "ನಮ್ ಮೊಮ್ಮಗ್ಳು ವರ್ಷಂಗೆ ಕಾರ್ಖಾನೇಲಿ ಕೆಲ್ಸ ಕೊಡ್ತೀವಿ ಅಂದವ್ರೆ ಕಣವ್ವ. ಡಿಗ್ರಿ ಮಾಡ್ಕಂಡು ಸುಮ್ನೆ ಕುಂತಿತ್ತು ಕೂಸು."

ಮೊಮ್ಮಗಳಿಗೆ ಕೆಲಸ ಸಿಗಲಿ, ಬೇಡ ಅನ್ನುವಷ್ಟು ಕೆಟ್ಟವಳಲ್ಲ ನಾನು. ಮಾದರಿ ಕೆಡಿಸಲೇಬೇಕಿದ್ದರೆ ಬೇರೆ ಯಾರ ಹೆಸರನ್ನಾದರೂ ಕೂಗಬಹುದಿತ್ತು. ನನ್ನ ಹೆಸರನ್ನೇ ಕೂಗಿದ, ನಾನು ಓಡಿ ಬರುತ್ತೇನೆ ಅಂತ ಗೊತ್ತಿದ್ದೇ ಕೂಗಿದ. ನನ್ನ ಮಗಳಿಗೆ ನನ್ನ ಕೈಯಿಂದಲೇ ಅನ್ಯಾಯ ಮಾಡಿಸಿದನಲ್ಲ, ಅದೇ ಇವತ್ತಿಗೂ ಹೊಟ್ಟೆ ಉರಿಸುವುದು.

ನೀರಿನಲ್ಲಿ ದೋಷವಿಲ್ಲ ಎಂದು ಹಾಸನದಿಂದ ಉತ್ತರ ಬಂತು. ಅಷ್ಟರಲ್ಲಿ ಕಾಲುವೆ ಮತ್ತೆ ಕಷಾಯವಾಗಿತ್ತು. ಮಗಳನ್ನು ಅರಕಲಗೂಡಿನ ನನ್ನ ತವರಿಗೆ ಕಳಿಸಿದೆ. ಬಸ್ಸು ಹತ್ತುವಾಗ ಅವಳು ನನ್ನ ಸೆರಗು ಬಿಡಲಿಲ್ಲ.

ಮುಂದಿನ ಸರದಿಗೆ ಬೀರಯ್ಯ ಮತ್ತೆ ಕೂಗಿದ. ಹೋಗಬಾರದು ಅಂತ ಒಲೆಯ ಮುಂದೆ ಕೂತೆ. ಆದರೆ ಪೈರು ಏನು ತಪ್ಪು ಮಾಡಿತ್ತು? ಎದ್ದು ಹೋದೆ. ಅವನು ಏರಿಯಿಂದ ಇಳಿದು ಬಂದು, ನಿಮ್ಮ ಕೂಸು ಕಾಣಲಿಲ್ಲವಲ್ಲ, ಹೇಗಿದೆ ಅಂತ ವಿಚಾರಿಸಿದ.

"ಅರಕಲಗೂಡ್ಗೆ ಕಳ್ಸಿದೀನಿ ಬೀರಣ್ಣ" ಅಂದೆ. "ಒಂದ್ ಉಪ್ಕಾರ ಮಾಡು. ಇನ್ಮೇಲೆ ನನ್ ಹೆಸ್ರು ಮಾತ್ರ ಕೂಗ್ಬೇಡ."

ಊರಿಗೆಲ್ಲ ಕೇಳಿಸುವ ಆ ಗಂಟಲು ಆಮೇಲೆ ನನ್ನ ಹೆಸರು ಕೂಗಿಲ್ಲ. ನಮ್ಮ ಸರದಿಯ ದಿನ ನಾನು ಬೆಳಗಾಗುವ ಮೊದಲೇ ಹೋಗಿ, ನೀರು ಬರುವವರೆಗೂ ಆ ಕೊಳಕು ಕಾಲುವೆಯ ದಡದಲ್ಲಿ ಕಾದು ಕೂರುತ್ತೇನೆ.