ನಡುಬೆರಳಿನ ಗೆರೆ

ಮಗಳು ನೀರಿನ ಲೋಟ ಮುಂದೆ ಹಿಡಿದಾಗ ಲೇತ್ ಕೆಲಸಗಾರನ ಕಣ್ಣು ಅವಳ ನಡುಬೆರಳಿನ ಮೇಲೆ ನಿಂತಿತು. ಬೆರಳು ನುಣ್ಣಗಿತ್ತು, ಒಂದು ಗೆರೆಯೂ ಇಲ್ಲ. ತಾನೇ ಕಡೆದುಕೊಟ್ಟ ಹಿತ್ತಾಳೆ ಯೋಯೋವನ್ನು ನಿನ್ನೆ ಐದು ನಿಮಿಷ ಆಡಿಸಿದ್ದಕ್ಕೇ ಅವನ ಬೆರಳಿನಲ್ಲಿ ದಾರ ಕೊರೆದ ಕೆಂಪು ಇನ್ನೂ ಮಾಸಿರಲಿಲ್ಲ. ಇವಳೋ ಹದಿನೈದು ದಿನದಿಂದ ಅದರಲ್ಲೇ ಅಭ್ಯಾಸ ಮಾಡುತ್ತಿದ್ದೇನೆ ಎನ್ನುತ್ತಿದ್ದಳು. ನಾಳೆ ಬೆಳಿಗ್ಗೆ ಶಾಲೆಯಲ್ಲಿ ಯೋಯೋ ಸ್ಪರ್ಧೆ.

“ಕಳ್ಳಿ, ಯಾವುದರಲ್ಲಿ ಆಡ್ತಿದ್ದೀಯ?”

ಮಗಳ ಮುಖ ಬಾಡಿತು. ಚೀಲದ ತಳದಿಂದ ಹಳೆಯ ಪ್ಲಾಸ್ಟಿಕ್ ಯೋಯೋ ಹೊರಬಂತು.

“ಇದು ಅರ್ಧಕ್ಕೇ ಸುಸ್ತಾಗುತ್ತಪ್ಪ. ನಿಂದಾದ್ರೆ ಕೆಳಗೆ ಬಿಟ್ಟು ಊಟ ಮುಗಿಸ್ಕೊಂಡು ಬರಬಹುದು, ತಿರುಗ್ತಾನೇ ಇರುತ್ತೆ. ಆದ್ರೆ ನಂದು ಚುರುಕಾಟ. ಎಡಕ್ಕೆ ಎಸೆದು ಥಟ್ಟಂತ ಬಲಕ್ಕೆ ತಿರುಗಿಸ್ಬೇಕು. ಅಷ್ಟರಲ್ಲಿ ನಿಂದು ಭಾರಕ್ಕೆ ನನ್ನನ್ನೇ ಎಳ್ಕೊಂಡು ಹೋಗುತ್ತೆ.”

“ಹೇಳೋಕೇನಾಗಿತ್ತು?”

“ಅಷ್ಟು ಖುಷಿಯಿಂದ ಕೊಟ್ಟೆಯಲ್ಲ!”

ಅಡುಗೆಮನೆಯಿಂದ ಹೆಂಡತಿ ನಕ್ಕಳು. “ಇವರು ಮಾಡಿದ ಚಿಲಕ ತೆಗೆಯೋಕೇ ಇಬ್ಬರು ಬೇಕು. ಯೋಯೋ ಹಗುರ ಇರುತ್ತಾ?”

ಅವನಿಗೆ ನೋವಾಯಿತು. ಭಾರವಿದ್ದರೇ ಗಟ್ಟಿ ಎಂದು ಇಪ್ಪತ್ತು ವರ್ಷದಿಂದ ನಂಬಿಕೊಂಡು ಬಂದವನು. ಆದರೂ ಅಪ್ಪನ ಮನಸ್ಸು ಕೆಡಬಾರದೆಂದು ಮಗಳು ಹದಿನೈದು ದಿನ ಕದ್ದು ಆಡಿದಳಲ್ಲ ಎಂಬುದು ಅದಕ್ಕಿಂತ ಹೆಚ್ಚಾಗಿ ಚುಚ್ಚಿತು.

“ನಡಿ, ವರ್ಕ್‌ಶಾಪಿಗೆ” ಎಂದ.

ತಕ್ಕಡಿಯಲ್ಲಿ ಹಿತ್ತಾಳೆ ಯೋಯೋ ತೊಂಬತ್ತು ಗ್ರಾಂ ತೂಗಿತು. “ಅಂಚು ಮುಟ್ಟಲ್ಲ, ತಿರುಗೋ ಬಲ ಅಲ್ಲೇ ಇರೋದು. ಒಳಗಡೆ ಮಾತ್ರ ತೆಗೀತೀನಿ. ನೋಡು, ತೆಗೆದದ್ದನ್ನ ಮತ್ತೆ ಅಂಟಿಸೋಕಾಗಲ್ಲ.”

ಹಿತ್ತಾಳೆಯ ಸುರುಳಿಗಳು ನೆಲಕ್ಕೆ ಬಿದ್ದವು. ಮಗಳು ಎಸೆದು ನೋಡಿದಳು. “ಇನ್ನೊಂಚೂರು.” ಮತ್ತೆ ಕಡೆದ. “ಇನ್ನೂ.” ಎಪ್ಪತ್ತಕ್ಕೆ ಬಂದಾಗ ಅವನ ಕೈ ಹಿಂಜರಿಯಿತು. ಇಷ್ಟು ತೆಳ್ಳಗೆ ಅವನು ಜನ್ಮದಲ್ಲಿ ಏನನ್ನೂ ಕಡೆದಿರಲಿಲ್ಲ. ಒಂದು ಕೂದಲೆಳೆ ಹೆಚ್ಚಾದರೆ ನಾಳೆಗೆ ಏನೂ ಉಳಿಯುವುದಿಲ್ಲ. ಮಗಳ ಮುಖ ನೋಡಿದ, ಉಸಿರು ಬಿಗಿಹಿಡಿದು ಇನ್ನೊಂದು ಸಲ ಉಳಿ ತಾಗಿಸಿದ.

ಅರವತ್ತಾರು. ಯೋಯೋ ಎಡಕ್ಕೆ ಹಾರಿ, ಬಲಕ್ಕೆ ತಿರುಗಿ, ದಾರದ ಮೇಲೆ ಕುಳಿತು ಗುಂಯ್ ಎಂದಿತು.

“ಸಾಕು, ಸಾಕು, ಇನ್ನು ಮುಟ್ಟಬೇಡ!” ಮಗಳು ಕುಣಿದಾಡಿಬಿಟ್ಟಳು.

ಮರುದಿನ ಅವನಿಗೆ ರಜೆ ಸಿಗಲಿಲ್ಲ. ಬೆಳಗಿನಿಂದ ಕೈ ಲೇತ್ ಮೇಲಿತ್ತು, ಜೀವ ಬಾಗಿಲ ಕಡೆಗಿತ್ತು. ಮಧ್ಯಾಹ್ನ ಅವಳು ಕಪ್ ಎತ್ತಿ ಹಿಡಿದು ಓಡಿಬಂದಳು.

“ಅಪ್ಪಾ, ಎರಡನೇ ಬಹುಮಾನ!”

“ಅದಿರಲಿ, ಕೈ ತೋರಿಸು.”

ಅವಳು ಕಪ್ಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಲಗೈ ಚಾಚಿದಳು. ನಡುಬೆರಳಿನ ಸುತ್ತ ಒಂದು ಕೆಂಪು ಗೆರೆ, ದಾರದಷ್ಟೇ ತೆಳ್ಳಗೆ.