ಕೆರೆಯಿಂದೆದ್ದ ತಲೆ

“ಕೆಮ್ಮಬೇಡ, ಸೀನಬೇಡ, ಪ್ರಾಣ ಹೋದ್ರೂ ತಲೆ ಎತ್ತಬೇಡ,” ಎಂದು ಗಡಿಯಾರ ರಿಪೇರಿಯವರು ಮೇಜಿನ ಕೆಳಗೆ ಬಗ್ಗಿ ಹೆಂಡತಿಯ ತಮ್ಮನಿಗೆ ತಾಕೀತು ಮಾಡಿದರು. “ರೈಲು ಬಿದ್ರೆ ನಾನು ದೀಪ ಆರಿಸ್ತೀನಿ. ಕತ್ತಲಲ್ಲಿ ಕೈ ಮಾತ್ರ ಹೊರಗೆ ಬರ್ಬೇಕು. ರೈಲು ಎತ್ತಿಡ್ಬೇಕು, ಮಾಯ ಆಗ್ಬೇಕು.”

“ಆಗ್ಲಿ ಭಾವ,” ಎಂದ ಗುಂಡ. “ಆದ್ರೆ ಈಗ್ಲೇ ಕಾಲು ಜೋಮು ಹಿಡಿದಿದೆ.”

“ಅದನ್ನೆಲ್ಲ ಮೊದ್ಲೇ ಯೋಚಿಸ್ಬೇಕಿತ್ತು!”

ಮೊದಲೇ ಯೋಚಿಸಬೇಕಿದ್ದವರು ಯಾರು ಎಂಬುದು ಬೇರೆ ಮಾತು. ಹಾಸಿಗೆ ಮಾರುವವನು ಖಾಲಿ ಮಾಡಿದ ಗೋದಾಮಿನಲ್ಲಿ, ಟಿಕೆಟ್ ಇಟ್ಟು ಆಟದ ರೈಲು ತೋರಿಸಲು ಅವರು ಹೊರಟಿದ್ದರು. ಅವನು ಬಿಟ್ಟುಹೋದ ಹಾಸಿಗೆಗಳನ್ನೇ ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿ, ಗಾರೆ ಬಳಿದು ಬೆಟ್ಟ ಮಾಡಿದ್ದರು. ಬೆಟ್ಟದ ಸುತ್ತ ಹಳಿ, ಸುರಂಗ, ಸೇತುವೆ, ಉಗುರಿನಷ್ಟು ಗಡಿಯಾರವಿದ್ದ ನಿಲ್ದಾಣ. ಆ ಗಡಿಯಾರ ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತು. ಬೀರುವಿನ ಕನ್ನಡಿ ಬಿಚ್ಚಿ ಕೆರೆ ಮಾಡಿದ್ದರು. ಎಲ್ಲ ಮುಗಿದ ಮೇಲೆ ನೋಡಿದರೆ, ಗೋಡೆಯಿಂದ ಗೋಡೆಗೆ ಹಬ್ಬಿದ ಮೇಜಿನ ನಡುಭಾಗಕ್ಕೆ ಯಾರ ಕೈಯೂ ಎಟುಕದು! ಜೀವಮಾನವೆಲ್ಲ ಮೂಗಿನ ಕೆಳಗಿನ ಕೆಲಸ ಮಾಡಿದವರಿಗೆ, ಕೈಗೆಟುಕದ ಕೆಲಸವೂ ಇರುತ್ತದೆಂದು ಹೊಳೆದೇ ಇರಲಿಲ್ಲ. ಕೊನೆಗೆ ಕೆರೆಯ ಕೆಳಗೆ ತೂತು ಕೊರೆದು, ಕನ್ನಡಿಯನ್ನು ಮುಚ್ಚಳ ಮಾಡಿ, ಒಳಗೊಬ್ಬನನ್ನು ಕೂರಿಸಬೇಕಾಯಿತು. ಕೂರಲು ಪುರುಸೊತ್ತಿದ್ದವನು ಮನೆಯಲ್ಲಿ ಗುಂಡ ಒಬ್ಬನೇ. ಎಲ್ಲರಿಗಿಂತ ದಪ್ಪಗಿದ್ದವನೂ ಅವನೇ.

ಗುಂಡನಿಗೆ ಪುರುಸೊತ್ತು ಸುಮ್ಮನೆ ಬಂದದ್ದಲ್ಲ. ಕ್ಷೌರದಂಗಡಿಯಲ್ಲಿ ಕುರ್ಚಿ ಮುರಿದು, ಬೇಕರಿಯಲ್ಲಿ ಗಾಜಿಗೆ ಒರಗಿ, ಔಷಧಿ ಅಂಗಡಿಯಲ್ಲಿ ಕೆಮ್ಮಿಗೆ ಕೊಡುವುದನ್ನು ಭೇದಿಗೆ ಕೊಟ್ಟು, ಊರಲ್ಲಿ ಅವನನ್ನು ಕೆಲಸಕ್ಕಿಟ್ಟುಕೊಳ್ಳುವವರೇ ಇಲ್ಲದಂತೆ ಮಾಡಿಕೊಂಡಿದ್ದ. ಪಾಪ, ಮನಸ್ಸು ಮಾತ್ರ ಬೆಣ್ಣೆ.

ಬಾಗಿಲು ತೆರೆದ ಮೊದಲ ದಿನವೇ ರೈಲು ಕೆರೆಯ ತಿರುವಿನಲ್ಲಿ ಮಗುಚಿಕೊಂಡಿತು. ಗಡಿಯಾರದವರು ಗಾಬರಿಯಲ್ಲಿ ದೀಪ ಆರಿಸುವ ಬದಲು ಎಲ್ಲ ದೀಪಗಳನ್ನೂ ಹೊತ್ತಿಸಿದರು. ಜೋಮು ಹಿಡಿದ ಗುಂಡ ಕಾಲು ನೀಡಲು ಹೋಗಿ ಎದ್ದೇ ನಿಂತ. ಜಗಜಗಿಸುವ ಬೆಳಕಿನಲ್ಲಿ ಕೆರೆ ಬಾಯ್ತೆರೆಯಿತು. ಮನೆಗಳಿಗಿಂತ, ಮರಗಳಿಗಿಂತ ದೊಡ್ಡದೊಂದು ತಲೆ ಮೇಲೆದ್ದು, ಸುತ್ತ ನೋಡಿ, “ಕ್ಷಮಿಸಿ,” ಎಂದಿತು.

ಒಂದು ಮಗು “ರಾಕ್ಷಸ!” ಎಂದು ಕಿರುಚಿತು. ಆಮೇಲೆ ಬಿತ್ತು ನೋಡಿ ಚಪ್ಪಾಳೆ! ಬೆಟ್ಟ ಅಗೆದು ಇಲಿ ಹಿಡಿದವರನ್ನು ಜನ ಕಂಡಿದ್ದರು. ಬೆಟ್ಟದ ಬುಡದಿಂದ ಆನೆ ಎದ್ದದ್ದನ್ನು ಕಂಡಿರಲಿಲ್ಲ.

ಅಲ್ಲಿಂದ ಮುಂದೆ ರೈಲು ದಿನವೂ ಬಿತ್ತು, ತಲೆ ದಿನವೂ ಎದ್ದಿತು, ಟಿಕೆಟಿನ ಸಾಲು ಬೀದಿಯ ಮೂಲೆ ದಾಟಿತು. ಟಿಕೆಟ್ ಕಿಟಕಿಯಲ್ಲಿ ಕೂತ ಗುಂಡನ ಅಕ್ಕನನ್ನು ಎಲ್ಲರೂ ಕೇಳುತ್ತಿದ್ದುದು ಒಂದೇ: “ರಾಕ್ಷಸ ಎಷ್ಟೊತ್ತಿಗೆ ಬರ್ತಾನೆ?” ಬೀದಿಯಲ್ಲಿ ಮಕ್ಕಳು ಗುಂಡನ ಬೆರಳು ಹಿಡಿದು ನಡೆಯುತ್ತಿದ್ದವು. ಹಿಂದೆ ಓಡಿಸಿದ್ದ ಬೇಕರಿಯವನೇ ಬಾಗಿಲಿಗೆ ಬಂದು ನಮಸ್ಕಾರ ಹೇಳುತ್ತಿದ್ದ. ಹೀಗೇ ಎರಡು ವರ್ಷ ನಡೆಯಿತು. ಅಷ್ಟೂ ದಿನ ಗುಂಡ ಕನ್ನಡಿ ನೋಡಿ ತಲೆ ಬಾಚಿಕೊಂಡೇ ಮೇಜಿನಡಿ ಸೇರುತ್ತಿದ್ದ. ಕನ್ನಡಿ ಎಂದರೆ, ಅದೇ ಕೆರೆ.

ಹೊಟ್ಟೆ ಉರಿದದ್ದು ಗಡಿಯಾರದವರಿಗೆ. ತಮ್ಮ ಕೈಯಾರೆ ಅರದಿಂದ ಉಜ್ಜಿ ಮಾಡಿದ ಚಕ್ರಗಳನ್ನು, ನಿಲ್ದಾಣದ ಗಡಿಯಾರವನ್ನು ಒಬ್ಬರೂ ನೋಡುವುದಿಲ್ಲವಲ್ಲ!

“ರೈಲು ಬೀಳೋದು ನನ್ನ ತಪ್ಪಲ್ಲ ಕಣೆ. ಈ ನೆಲ ಡೊಂಕು,” ಎಂದರು.

“ಕುಣಿಯೋಕೆ ಬಾರದೋಳೂ ಹಾಗೇ ಅಂದ್ಲಂತೆ,” ಎಂದಳು ಹೆಂಡತಿ.

ಆದರೆ ನೆಲ ನಿಜವಾಗಿಯೂ ಡೊಂಕಾಗಿತ್ತು. ಅವರು ಹಟ ಹಿಡಿದು ಮೇಜಿನ ಒಂದೊಂದು ಕಾಲಿನಡಿಗೂ ಮರದ ಚಕ್ಕೆ ಕೊಟ್ಟರು. ಗುಂಡನ ಕೈಯಿಂದಲೇ ತಿರುವಿನ ಹಳಿಯನ್ನು ಕೀಳಿಸಿ, ನೇರ ಮಾಡಿ, ಮತ್ತೆ ಕೂರಿಸಿದರು. ಆಮೇಲೆ ರೈಲು ಬೀಳಲಿಲ್ಲ. ಆ ದಿನವೂ ಇಲ್ಲ, ಆ ವಾರವೂ ಇಲ್ಲ. ಗಡಿಯಾರದವರು ಎದೆಯುಬ್ಬಿಸಿ ಓಡಾಡಿದರು. ಮಕ್ಕಳು ಕೆರೆಯನ್ನೇ ನೋಡಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಹೋದವು.

“ಇವತ್ತೂ ಬೀಳ್ಲಿಲ್ವಾ ಭಾವ?” ಎಂದು ಸಂಜೆ ಮೇಜಿನಡಿಯಿಂದ ದನಿ ಬರುತ್ತಿತ್ತು.

“ಸುಮ್ನೆ ಎದ್ದು ಮುಖ ತೋರಿಸೋ,” ಎಂದಳು ಅಕ್ಕ.

“ಬೀಳದ ರೈಲಿಗೆ ಏಳೋದು ಮೋಸ ಅಲ್ವಾ ಅಕ್ಕ? ಮಕ್ಕಳಿಗೆ ಗೊತ್ತಾಗತ್ತೆ.” ಗುಂಡ ಮುಂದುವರಿಸಿದ: “ದೂರದಲ್ಲೊಂದು ಐಸ್ ಕಾರ್ಖಾನೆ ಇದೆಯಂತೆ. ಭಾನುವಾರದ ಆಟ ಮುಗಿಸ್ಕೊಂಡು ಹೊರಡ್ತೀನಿ. ನಂಗಿಲ್ಲಿ ಇನ್ನೇನು ಕೆಲ್ಸ?”

ಅಕ್ಕ ಅಂದು ಗಂಡನಿಗೆ ಊಟ ಬಡಿಸಿ, ಎದುರಿಗೇ ಕೂತಳು. “ನಿಮ್ಮ ರೈಲು ನೆಟ್ಟಗಾಯ್ತು. ಸಂತೋಷ. ಆದ್ರೆ ಹುಟ್ಟಿದ್ಮೇಲೆ ಅವನನ್ನ ಜನ ಬೇಕು ಅಂದಿದ್ದು ಅದೊಂದೇ ಕಡೆ,” ಎಂದಳು. ಗಡಿಯಾರದವರು ಅರ್ಧ ಊಟಕ್ಕೇ ಕೈ ತೊಳೆದು ಎದ್ದರು.

ಭಾನುವಾರ ಜನ ಅಷ್ಟಕ್ಕಷ್ಟೇ. ಮೇಜಿನಡಿ ಗುಂಡ ಕೂತಿದ್ದ, ಪಕ್ಕದಲ್ಲೇ ಅವನ ಬಟ್ಟೆಯ ಚೀಲ. ಗಡಿಯಾರದವರು ವೇಗದ ಗುಂಡಿಯನ್ನು ಒಂದು ಚೂರು ಹೆಚ್ಚು ತಿರುಗಿಸಿದರು. ರೈಲು ತಿರುವು ದಾಟಿತು. ಇನ್ನೊಂದು ಚೂರು. ದಾಟಿತು. ಕೊನೆಗೆ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟರು. ರೈಲು ಹುಚ್ಚೆದ್ದು ಸುತ್ತಿತು, ಬೀಳಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದರು ಪುಣ್ಯಾತ್ಮರು!

ರೈಲು ನಿಲ್ಲಿಸಿದರು. ಚಪ್ಪಲಿ ಬಿಟ್ಟರು. “ಮುಟ್ಟಬೇಡಿ” ಎಂಬ ಹಲಗೆಯನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಹತ್ತಿ, ನಾಲ್ಕು ಕಾಲಿನಲ್ಲಿ ಹೊರಟರು. ಜನ ಬಾಯಿ ಬಿಟ್ಟರು. ಮರಗಳ ತೋಪೊಂದು ಮಲಗಿತು. ಸೇತುವೆ ಲಟಕ್ ಎಂದಿತು. ಎಡ ಮೊಣಕಾಲಿನ ಕೆಳಗೆ ನಿಲ್ದಾಣ ನುಚ್ಚಾಯಿತು, ಗಡಿಯಾರದ ಸಮೇತ. ಅವರು ಕೆಳಗೆ ನೋಡಲಿಲ್ಲ. ತಿರುವು ತಲುಪಿ, ಹೆಬ್ಬೆರಳಿನಿಂದ ಹಳಿಯನ್ನು ಒತ್ತಿದರು, ಅದು ಬಾಗುವ ತನಕ ಒತ್ತಿದರು. ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು, ಇಳಿದು, ರೈಲು ಬಿಟ್ಟರು.

ರೈಲು ತಿರುವಿಗೆ ಬಂತು. ಮಗುಚಿತು.

ಯಾರೂ ಏಳಲಿಲ್ಲ.

“ಗುಂಡಾ! ಬಿದ್ದಿದೆ ಕಣೋ!”

“ನಿಜವಾಗ್ಲೂನಾ ಭಾವ?”

“ನಿನ್ನಾಣೆ! ಬೇಗ ಬಾರೋ!”

ಕೆರೆ ಬಾಯ್ತೆರೆಯಿತು. ಮಕ್ಕಳ ಕಿರುಚಾಟಕ್ಕೆ ಗೋದಾಮಿನ ತಗಡು ನಡುಗಿತು. ಟಿಕೆಟ್ ಕಿಟಕಿ ಬಿಟ್ಟು ಓಡಿಬಂದ ಅಕ್ಕ ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಂಡ ಎಂಜಿನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಹಳಿ ಸವರಿದ. ಬೆರಳು ಬಾಗಿದ ಕಡೆ ಬಂದು ನಿಂತಿತು. ಮಲಗಿದ ಮರಗಳನ್ನು, ಮುರಿದ ಸೇತುವೆಯನ್ನು, ಭಾವನ ಮೊಣಕಾಲಿಗೆ ಮೆತ್ತಿದ್ದ ಹಸಿರು ಹುಡಿಯನ್ನು ನೋಡಿದ.

ಒಮ್ಮೆ ಒತ್ತಿದ್ದರೆ ಹಳಿ ನೆಟ್ಟಗಾಗುತ್ತಿತ್ತು. ಅವನು ಬೆರಳು ತೆಗೆದ. ಎಂಜಿನ್ನನ್ನು ಬಾಗಿದ್ದಲ್ಲಿಂದ ಸ್ವಲ್ಪ ಮುಂದಕ್ಕೆ ಇಟ್ಟು, ತಲೆಯ ಮೇಲೆ ಕೆರೆಯನ್ನು ಮುಚ್ಚಿಕೊಂಡ. ರೈಲು ಮುಂದಿನ ಸುತ್ತಿಗೆ ಹೊರಟಿತು.